ನಡಾವಳಿ

ಕ್ರೀಡಾಂಗಣದ ಗ್ಯಾಲರಿ ಕೆಳಗೊಂದು ಕೋಣೆ.
ಮೂಲೆಯಲ್ಲಿ ಸುಣ್ಣದ ಪುಡಿಯ ಚೀಲ, ಕಾಲು ಮುರಿದ ಹರ್ಡಲ್ಸು,
ಹಗ್ಗ ಬಿಗಿದು ನಿಲ್ಲಿಸಿದ ಜಾವೆಲಿನ್ ಕಂತೆ.
ಮೇಜಿನ ಆಚೆ ಮೂವರು, ಈಚೆ ಅವಳು,
ಪಕ್ಕದ ಸ್ಟೂಲಿನ ಮೇಲೆ ನಾನು,
ದಿನಕ್ಕೆ ಆರುನೂರು ರೂಪಾಯಿಯ ಶೀಘ್ರಲಿಪಿ.

ಹೆಸರು? ಗುತ್ಯಮ್ಮ.
ವಯಸ್ಸು ಇಪ್ಪತ್ಮೂರು; ಹೆಸರು ಮಾತ್ರ ಅಜ್ಜಿಯದು.
ಸೊರಬ ತಾಲ್ಲೂಕು. ಆಟ ಕಬಡ್ಡಿ. ರೈಡರ್.
ಆರೋಪ: ಸೆಮಿಫೈನಲ್ಲಿನ ಕೊನೆಯ ನಿಮಿಷ
ಗೆರೆ ಒಂದು ಗೇಣು ದೂರವಿದ್ದಾಗ
ಕೈ ಚಾಚದೆ ಬಿದ್ದುಕೊಂಡದ್ದು;
ಅದೇ ಹೊತ್ತಿಗೆ ಹರಿಹರದಲ್ಲಿ ಯಾರೋ
ಎಂಬತ್ತು ಸಾವಿರ ಎಣಿಸಿಕೊಂಡದ್ದು.

"ಮೂರು ತಿಂಗಳ ಕರೆಗಳ ಪಟ್ಟಿ ಬೇಕು" ಎಂದರು ಅಧ್ಯಕ್ಷರು,
"ಫೋನೂ ಬೇಕು. ಲಾಕ್ ತೆಗೆದು ಇಲ್ಲಿಡು."
ಇಲ್ಲಿ ಅಂದರೆ ಚಕ್ಕುಲಿ ತಟ್ಟೆಯ ಪಕ್ಕ.

ಅವಳು ಅಂದದ್ದು: ಕೊಡಾದಿಲ್ಲ.
ನಾನು ಬರೆದದ್ದು: ಸದರಿ ಆಟಗಾರ್ತಿಯು
ಹಾಜರುಪಡಿಸಲು ನಿರಾಕರಿಸಿರುತ್ತಾರೆ.
ನಾಲ್ಕಕ್ಷರಕ್ಕೆ ಇಷ್ಟು ಬಟ್ಟೆ ತೊಡಿಸುವುದೇ ನನ್ನ ಕಸುಬು.

"ಬರೀ ನಂಬರು ಕಣಮ್ಮ, ಮಾತಲ್ಲವಲ್ಲ"
ಎಡಗಡೆಯ ವಕೀಲರು ನಯವಾಗಿ ಹೇಳಿದರು.
ನನ್ನ ಪಟ್ಟಿ ನೆನಪಾಯಿತು:
ಶ್ರಾವಣದ ಒಂದು ರಾತ್ರಿ, ಒಂದೇ ನಂಬರಿಗೆ
ಹತ್ತೊಂಬತ್ತು ಸಲ, ಎಲ್ಲವೂ ಸೊನ್ನೆ ಸೆಕೆಂಡು.
ಬರೀ ನಂಬರು. ಮಾತಲ್ಲ.

"ತಪ್ಪು ಮಾಡದವರಿಗೆ ಹೆದರಿಕೆ ಎಂಥದ್ದು?"
"ನಿಮ್ಮನೆ ಬಚ್ಚಲಿಗೆ ಬಾಗ್ಲು ಐತಾ ಸಾರ್?"

ಚಕ್ಕುಲಿ ಕಡಿಯುತ್ತಿದ್ದ ಮೂರನೆಯವರು
ಕಡಿಯುವುದು ನಿಲ್ಲಿಸಿದರು.
"ಅದನ್ನ ಬರೀಬೇಡಿ ಮೇಡಂ."
ಬರೆದಾಗಿತ್ತು.
ಬಚ್ಚಲಿಗೊಂದು ಕೊಕ್ಕೆ, ಬಾಗಿಲಿಗೊಂದು ದಪ್ಪ ಗೀಟು.

ನಾನೇನೂ ಅವಳ ಕಡೆಯವಳಲ್ಲ.
ವಿಡಿಯೊ ಎಂಟು ಸಲ ಹಾಕಿದರು, ಎಂಟು ಸಲವೂ ನೋಡಿದೆ.
ಉಸಿರು ಕಟ್ಟಿ ಆಚೆ ಅಂಗಳಕ್ಕೆ ಹೋಗುತ್ತಾಳೆ,
ಒಬ್ಬಳನ್ನು ಮುಟ್ಟುತ್ತಾಳೆ, ತಿರುಗುತ್ತಾಳೆ,
ಪಾದ ಹಿಡಿಯುತ್ತಾರೆ, ಗೆರೆ ಅಲ್ಲೇ ಇದೆ,
ಮಗು ಕೂಡ ಮುಟ್ಟಬಹುದಿತ್ತು.
ಎಂಟು ಸಲವೂ ಆ ಕೈ ಮುಂದೆ ಬರಲಿಲ್ಲ.
ಒಂಬತ್ತನೇ ಸಲ ಬಂದೀತೇನೋ ಎಂದು ಕಾದೆ.
ಕರೆಂಟು ಹೋಯಿತು.

ಕತ್ತಲಲ್ಲಿ ಅವಳ ಮಡಿಲಲ್ಲೊಂದು ಚೌಕ ಬೆಳಕು ಹೊತ್ತಿತು.
ಯಾರದೋ ಕರೆ. ಸದ್ದಿಲ್ಲ, ಬರೀ ನಡುಕ.
ಮೂವರೂ ಕತ್ತು ಚಾಚಿದರು. ನಾನೂ.
ಆ ಕೈ ಈ ಸಲ ತಡಮಾಡಲಿಲ್ಲ.
ಕವುಚಿದ ಅಂಗೈಯ ಬೆರಳ ಸಂದಿಯಲ್ಲಿ
ಕೆಂಪಗೆ ಉರಿದು, ಉರಿದು, ಆರಿತು.

ಎರಡು ವರ್ಷ ನಿಷೇಧ.
ಆಟ ಮಾರಿದ್ದಕ್ಕಲ್ಲ, ಅದು ಸಾಬೀತಾಗಲಿಲ್ಲ;
ವಿಚಾರಣೆಗೆ ಸಹಕರಿಸದ್ದಕ್ಕೆ.
ಈ ಮಾತಿಗೆ ಶೀಘ್ರಲಿಪಿಯಲ್ಲಿ ಒಂದೇ ಎಳೆತ ಸಾಕು,
ಅಷ್ಟು ಸಲ ಬರೆದಿದ್ದೇನೆ.

"ಟಿಪ್ಪಣಿ ಪುಸ್ತಕ ಬಿಟ್ಟುಹೋಗಿ, ಕಡತಕ್ಕೆ."
"ಟೈಪು ಮಾಡಿ ನಾಳೆ ತರುತ್ತೇನೆ" ಎಂದೆ.
ಪುಸ್ತಕ ಆಗಲೇ ಚೀಲದೊಳಗಿತ್ತು.
ನನ್ನ ಗೀಟು ಓದಬಲ್ಲವರು ಈ ಶಿವಮೊಗ್ಗೆಯಲ್ಲಿ ಇನ್ನೊಬ್ಬರಿದ್ದರು,
ಕೋರ್ಟಿನ ಹಿಂದೆ ಟೈಪಿಂಗ್ ಶಾಲೆ ಇಟ್ಟಿದ್ದ ಪದ್ಮನಾಭಯ್ಯ.
ಹೋದ ವರ್ಷ ತೀರಿಕೊಂಡರು.

ಬಸ್ ನಿಲ್ದಾಣದಲ್ಲಿ ಮತ್ತೆ ಕಂಡಳು.
ಶಿಕಾರಿಪುರದ ಮೇಲೆ ಸೊರಬಕ್ಕೆ ಹೋಗುವ ಬಸ್ಸು ಇನ್ನೂ ಬಂದಿರಲಿಲ್ಲ.
ಕಂಬದ ಕಡೆ ಮುಖ ಮಾಡಿ ಫೋನಿನಲ್ಲಿ ಮಾತು,
ಒಂಟಿಕಾಲಲ್ಲಿ ನಿಂತು
ಇನ್ನೊಂದು ಪಾದದಿಂದ ಮೀನಖಂಡ ಉಜ್ಜಿಕೊಳ್ಳುತ್ತ.
"ಉಂಡ್ಯಾ?" ಅಂದದ್ದು ಕಿವಿಗೆ ಬಿತ್ತು.
ನಿಂತಿದ್ದರೆ ಇನ್ನೂ ಬೀಳುತ್ತಿತ್ತು.

ನಾಲ್ಕು ಹೆಜ್ಜೆ ಆಚೆ ಸರಿದೆ,
ಸಾಲದೆನಿಸಿ ಮತ್ತೆ ನಾಲ್ಕು,
ಸೌತೆಕಾಯಿಯವನ ಗಾಡಿಯ ತನಕ.
ಉಪ್ಪು ಖಾರ ಹಾಕ್ಲಾ ಅಂದ.
ಹಾಕಪ್ಪಾ ಅಂದೆ,
ಬೇಕಾದ್ದಕ್ಕಿಂತ ಗಟ್ಟಿಯಾಗಿ.